ಬೀಟ್ ನಿಂತ ಮೇಲೆ ಉಳಿಯುವ ಶ್ರುತಿ

ಇಡೀ ರಾತ್ರಿಯ ಬಯಲಾಟ ಮುಗಿಯುವ ಹೊತ್ತಿಗೆ ರಂಗಸ್ಥಳದ ಹತ್ತಿರ ನಿಂತು ಅಭ್ಯಾಸವಿದ್ದವರಿಗೆ ಒಂದು ಸಣ್ಣ ಸಂಗತಿ ಗೊತ್ತಿರುತ್ತದೆ. ಭಾಗವತರು ಮಂಗಳ ಹಾಡಿ ಜಾಗಟೆ ಕೆಳಗಿಡುತ್ತಾರೆ, ಚೆಂಡೆ ಮದ್ದಳೆಗಳು ಗವಸು ಸೇರುತ್ತವೆ, ವೇಷಧಾರಿಗಳು ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯತೊಡಗುತ್ತಾರೆ. ಭಾಗವತರ ಪಕ್ಕದಲ್ಲಿಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾತ್ರ ಆರಿಸುವವರಿಲ್ಲದೆ ಇನ್ನೂ ಒಂದೆರಡು ನಿಮಿಷ ನುಡಿಯುತ್ತಲೇ ಇರುತ್ತದೆ. ಯಾರೋ ಬಂದು ಅದರ ಸ್ವಿಚ್ ಒತ್ತಿದಾಗಲೇ, ಅಷ್ಟು ಹೊತ್ತು ಅದು ನುಡಿಯುತ್ತಿತ್ತು ಎಂಬುದು ಕಿವಿಗೆ ತಿಳಿಯುವುದು. ರಾತ್ರಿಯಿಡೀ ಚೆಂಡೆಯ ಅಬ್ಬರದ ಅಡಿಯಲ್ಲಿದ್ದ ಆ ಸದ್ದನ್ನು ಪ್ರೇಕ್ಷಕರಲ್ಲಿ ಯಾರೂ ಗಮನವಿಟ್ಟು ಕೇಳಿರಲಿಲ್ಲ. ಆದರೆ ಅದಿಲ್ಲದೆ ಹಾಡುವವರಿಗೆ ಕಾಲೂರಲು ಜಾಗವೇ ಇರುತ್ತಿರಲಿಲ್ಲ.

ಎಲೆಕ್ಟ್ರಾನಿಕ್ ಸಂಗೀತದಲ್ಲಿ ಕಳೆದ ಹತ್ತು ವರ್ಷಗಳಿಂದ ಕಾಣುತ್ತಿರುವ ಒಂದು ತಿರುವನ್ನು ಅರ್ಥ ಮಾಡಿಕೊಳ್ಳಲು ಕುಳಿತಾಗ ನನಗೆ ಈ ಪೆಟ್ಟಿಗೆಯೇ ಮತ್ತೆ ಮತ್ತೆ ನೆನಪಾಯಿತು. ಮೂವತ್ತು ವರ್ಷ ಜನರನ್ನು ಕುಣಿಸಿದ, ಈಗ ಐವತ್ತು ಅರವತ್ತರ ಪ್ರಾಯಕ್ಕೆ ಬಂದಿರುವ ಹಿರಿಯ ಪ್ರೊಡ್ಯೂಸರುಗಳಲ್ಲಿ ಹಲವರು ಬೀಟನ್ನು ಕಳಚಿಟ್ಟು, ತಾಳವಿಲ್ಲದ, ನಿಧಾನವಾಗಿ ಹರಡಿಕೊಳ್ಳುವ ಆಂಬಿಯೆಂಟ್ ಸಂಗೀತದ ಕಡೆಗೆ ಹೊರಳುತ್ತಿದ್ದಾರೆ. (ನಮ್ಮಲ್ಲಿ ಪ್ರೊಡ್ಯೂಸರ್ ಎಂದರೆ ಸಿನಿಮಾಕ್ಕೆ ದುಡ್ಡು ಹಾಕುವವರು, ಈ ಸಂಗೀತದಲ್ಲಿ ಯಂತ್ರಗಳ ಮುಂದೆ ಕುಳಿತು ಸದ್ದು ಹುಟ್ಟಿಸುವುದರಿಂದ ಹಿಡಿದು ಅದನ್ನು ಮುದ್ರಿಸಿ ಮುಗಿಸುವ ತನಕ ಎಲ್ಲವನ್ನೂ ಒಬ್ಬರೇ ಮಾಡುವವರಿಗೆ ಆ ಹೆಸರು.) ಈ ಹೊರಳುವಿಕೆಗೆ ಎರಡು ವಿವರಣೆಗಳು ಸುಲಭವಾಗಿ ಸಿಗುತ್ತವೆ. ವಯಸ್ಸಾಯಿತು, ಆದ್ದರಿಂದ ಸುಸ್ತಾದರು ಎನ್ನುವುದು ಒಂದು. ನಿದ್ದೆಗೆ, ಧ್ಯಾನಕ್ಕೆ ಹಾಕಿಕೊಳ್ಳುವ ಸಂಗೀತಕ್ಕೆ ಈಗ ಒಳ್ಳೆಯ ಮಾರುಕಟ್ಟೆ ಇದೆ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೂ ಇವರು ಹೊಸದೊಂದು ಜಾಗಕ್ಕೆ ಹೋಗುತ್ತಿಲ್ಲ, ಮೊದಲಿನಿಂದಲೂ ಅಬ್ಬರದ ಅಡಿಯಲ್ಲಿದ್ದ ಶ್ರುತಿಯನ್ನು ಈಗ ಹೊರಗೆ ಕೇಳಿಸುತ್ತಿದ್ದಾರೆ ಎಂಬುದು ನನ್ನ ಎಣಿಕೆ.

ಅಮೆರಿಕದ ಮೋಬಿಯವರನ್ನೇ ನೋಡಬಹುದು. 1965ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು 1991ರ ಹೊತ್ತಿಗೆ ಕ್ಲಬ್ಬುಗಳಲ್ಲಿ ಹೆಸರು ಮಾಡಿದ್ದರು. 1999ರ ‘ಪ್ಲೇ’ ಆಲ್ಬಮ್ಮಿನ ಹದಿನೆಂಟು ಹಾಡುಗಳಲ್ಲಿ ಒಂದೂ ಬಿಡದೆ ಜಾಹೀರಾತಿಗೋ ಸಿನಿಮಾಕ್ಕೋ ಟಿವಿಗೋ ಹೋಗಿ, ಅವರ ಸದ್ದು ಕೇಳದ ಮನೆಯಿಲ್ಲ ಎಂಬಂತಾಯಿತು. ಅದೇ ಮೋಬಿ 2016ರಲ್ಲಿ ಸುಮಾರು ನಾಲ್ಕು ಗಂಟೆ ಉದ್ದದ, ಬೀಟಿನ ಸುಳಿವೇ ಇಲ್ಲದ ಆಲ್ಬಮ್ಮೊಂದನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟುಬಿಟ್ಟರು. ಅದು ಅವರು ತಮ್ಮ ಧ್ಯಾನಕ್ಕೂ ನಿದ್ದೆಗೂ ಎಂದು ಮಾಡಿಕೊಂಡಿದ್ದ ಸಂಗೀತ. 2019ರಲ್ಲಿ ಅದರ ಎರಡನೆಯ ಭಾಗ ಬಂತು. 2023ರ ಜನವರಿ 1ರಂದು ‘ಆಂಬಿಯೆಂಟ್ 23’ ಹೊರಬಂತು. ಅದನ್ನು ಅವರು ಬಹುಪಾಲು ಹಳೆಯ ಕಾಲದ ಯಂತ್ರಗಳಿಂದಲೇ, ತಾವು ಎಳೆಯ ಪ್ರಾಯದಲ್ಲಿ ಮೆಚ್ಚಿದ್ದ ಹಿರಿಯರನ್ನು ನೆನೆದು ಮಾಡಿದ್ದರು. ಹಳಹಳಿಕೆ ಎಂದರೆ ಇದೇ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ 1993ರ ಲೆಕ್ಕ ಅಡ್ಡ ಬರುತ್ತದೆ.

ಆ ಒಂದೇ ವರ್ಷದಲ್ಲಿ ಮೋಬಿಯವರಿಂದ ಎರಡು ಕೃತಿಗಳು ಬಂದವು. ಒಂದರ ಹೆಸರೇ ‘ಆಂಬಿಯೆಂಟ್’, ಹೆಸರಿಗೆ ತಕ್ಕಂತೆ ಮೆಲ್ಲನೆಯದು. ಇನ್ನೊಂದು ‘ಥೌಸಂಡ್’: ನಿಮಿಷಕ್ಕೆ 1,000 ಬೀಟುಗಳ ಆಚೀಚೆಗೆ ಏರಿ, ಅತಿ ವೇಗದ ಸಂಗೀತವೆಂದು ಗಿನ್ನೆಸ್ ದಾಖಲೆ ಸೇರಿದ ತುಣುಕು. ನಿಮಿಷಕ್ಕೆ ಸಾವಿರ ಎಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಪೆಟ್ಟು. ಮನುಷ್ಯರ ಕಿವಿ ಸೆಕೆಂಡಿಗೆ ಸುಮಾರು 20ರವರೆಗೆ ಮಾತ್ರ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಕೇಳಬಲ್ಲದು. ಅದನ್ನು ದಾಟಿದರೆ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಅಖಂಡವಾದ ಒಂದು ಸ್ವರವಾಗಿ ಕೇಳತೊಡಗುತ್ತವೆ. ಜರ್ಮನಿಯ ಸಂಗೀತ ರಚನೆಕಾರ ಕಾರ್ಲ್‌ಹೈಂಜ್ ಸ್ಟಾಕ್‌ಹೌಸೆನ್ 1960ರಷ್ಟು ಹಿಂದೆಯೇ ಇದನ್ನು ತಿರುಗಾಮುರುಗಾ ಮಾಡಿ ತೋರಿಸಿದ್ದರು: ಸ್ವರವೊಂದನ್ನು ನಿಧಾನಗೊಳಿಸುತ್ತಾ ಹೋದಂತೆ ಅದು ಒಡೆದು ಪೆಟ್ಟುಗಳಾಗಿ ಬೀಳುತ್ತದೆ. ‘ಶ್ರುತಿರ್ಮಾತಾ ಲಯಃ ಪಿತಾ’ ಎಂದು ನಮ್ಮ ಸಂಗೀತ ಪಾಠದ ಮೊದಲ ದಿನ ಹೇಳಿಕೊಡುತ್ತಾರಲ್ಲ, ಆ ದಂಪತಿ ಬರೀ ಜೊತೆಗಿರುವವರಲ್ಲ, ಒಬ್ಬರು ಓಡತೊಡಗಿದರೆ ಇನ್ನೊಬ್ಬರಾಗುವವರು. ಸಾವಿರ ಬೀಟಿನ ಮೋಬಿಯೂ ಬೀಟಿಲ್ಲದ ಮೋಬಿಯೂ ಒಂದೇ ಗೆರೆಯ ಎರಡು ತುದಿಗಳಲ್ಲಿ ನಿಂತಿದ್ದರು, ಅದೂ ಅವರಿಗಿನ್ನೂ ಮೂವತ್ತು ತುಂಬದಿದ್ದಾಗ. ಹಾಗಾಗಿ 2023ರದ್ದನ್ನು ಮುಪ್ಪಿನ ಫಲವೆಂದು ಕರೆಯಲು ನನಗೆ ಮನಸ್ಸು ಬಾರದು.

ಆಂಬಿಯೆಂಟ್ ಎಂಬ ಹೆಸರು ನೆಲೆಯಾದದ್ದು ಇಂಗ್ಲೆಂಡಿನ ಬ್ರಯಾನ್ ಈನೋ ಅವರಿಂದ. ಅವರು ಹೇಳಿಕೊಂಡಿರುವ ಕತೆ ಈ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದಾಗ, ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ಹಳೆಯ ಸಂಗೀತದ ರೆಕಾರ್ಡೊಂದನ್ನು ಹಾಕಿ ಹೋದರು. ಸದ್ದು ತೀರಾ ಸಣ್ಣದಾಗಿತ್ತು, ಎರಡು ಸ್ಪೀಕರುಗಳಲ್ಲಿ ಒಂದು ಕೆಟ್ಟಿತ್ತು, ಎದ್ದು ಹೋಗಿ ಸರಿಪಡಿಸಲು ಮೈಯಲ್ಲಿ ಶಕ್ತಿಯಿರಲಿಲ್ಲ, ಹೊರಗೆ ಮಳೆ ಹೊಯ್ಯುತ್ತಿತ್ತು. ಮಳೆಯ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ತಂತಿಯ ಸ್ವರ ಮಾತ್ರ ತೇಲಿ ಬರುತ್ತಿದ್ದಾಗ, ಸಂಗೀತ ಹೀಗೂ ಇರಬಹುದಲ್ಲ ಎಂದು ಅವರಿಗೆ ಹೊಳೆಯಿತು. ಮೂರು ವರ್ಷಗಳ ನಂತರ, 1978ರಲ್ಲಿ, ವಿಮಾನ ನಿಲ್ದಾಣಗಳಿಗೆಂದು ಅವರು ಆಲ್ಬಮ್ಮೊಂದನ್ನು ಮಾಡಿದರು. ಅದರಲ್ಲಿ ಒಂದು ಭಾಗದ ಹೂರಣ ಬಹಳ ಸರಳವಾದದ್ದು: ಕಂಠದಲ್ಲಿ ಹಾಡಿದ ಒಂದೊಂದೇ ಸ್ವರವನ್ನು ಒಂದೊಂದು ಟೇಪಿನ ಸುರುಳಿಗೆ ಹಾಕಿ, ಸುರುಳಿಗಳ ಉದ್ದವನ್ನು ಬೇರೆ ಬೇರೆ ಇಟ್ಟದ್ದು. ಒಂದು ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಮರಳಿದರೆ, ಇನ್ನೊಂದು ಸುಮಾರು 26 ಸೆಕೆಂಡಿಗೆ, ಮತ್ತೊಂದು ಸುಮಾರು 30ಕ್ಕೆ. ಅವು ಒಮ್ಮೆ ಕೂಡುತ್ತವೆ, ಒಮ್ಮೆ ತಪ್ಪುತ್ತವೆ, ಶುರುವಿನಲ್ಲಿದ್ದ ಜೋಡಣೆ ಮತ್ತೆ ಯಾವಾಗ ಬಂದೀತೆಂದು ಕಾದು ಕುಳಿತವರಿಗೆ ಆಯುಷ್ಯ ಸಾಲದು. ಉಡುಪಿಯ ರಥಬೀದಿಯಲ್ಲಿ ಪೂಜೆಯ ಹೊತ್ತಿಗೆ ನಿಂತು, ಸುತ್ತಲ ಮಠಗಳಿಂದಲೂ ದೇವಸ್ಥಾನಗಳಿಂದಲೂ ಬರುವ ಗಂಟೆಯ ಸದ್ದುಗಳು ತಮ್ಮ ತಮ್ಮ ಲೆಕ್ಕದಲ್ಲಿ ಬಂದು ಸೇರಿ ಬೇರೆಯಾಗುವುದನ್ನು ಕೇಳಿದವರಿಗೆ ಈ ತಂತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ವಿಮಾನ ನಿಲ್ದಾಣವೇ ಏಕೆ ಎಂಬುದಕ್ಕೆ ಈನೋ ಕೊಟ್ಟ ಕಾರಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಜರ್ಮನಿಯ ಕೊಲೋನ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕುಳಿತಿದ್ದಾಗ, ಕಟ್ಟಡ ಚೆನ್ನಾಗಿದ್ದರೂ ಅಲ್ಲಿ ಹಾಕಿದ್ದ ಸಂಗೀತ ಅವರಿಗೆ ರೇಜಿಗೆ ಹುಟ್ಟಿಸಿತಂತೆ. ಎಲ್ಲವೂ ಸುಖ, ಏನೂ ಆಗುವುದಿಲ್ಲ ಎಂದು ನಟಿಸುವ ಉತ್ಸಾಹದ ಸಂಗೀತದ ಬದಲು, ಮನುಷ್ಯ ಸಾಯಬಹುದು ಎಂಬುದನ್ನು ಒಪ್ಪಿಕೊಂಡು ಅದರೊಂದಿಗೆ ಸಮಾಧಾನದಿಂದ ಕುಳಿತಿರಬಲ್ಲ ಸಂಗೀತ ಅಂಥ ಕಡೆ ಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಬಜ್ಪೆಯ ಗುಡ್ಡದ ಮೇಲೆ 2010ರ ಮೇ 22ರ ಬೆಳಿಗ್ಗೆ ಆದ ವಿಮಾನ ದುರಂತವನ್ನು ಕಂಡ ಊರಿನವರು ಈ ವಿಚಾರವನ್ನು ಯೂರೋಪಿನ ಕಲಾವಿದರ ತಲೆಹರಟೆ ಎಂದು ತಳ್ಳಿಹಾಕಲಾರರು. ಆಂಬಿಯೆಂಟ್ ಸಂಗೀತವನ್ನು ಇಂದು ‘ರಿಲ್ಯಾಕ್ಸ್’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವವರಿಗೆ ಅದರ ಹುಟ್ಟಿನಲ್ಲೇ ಈ ಭಾರ ಇತ್ತೆಂಬುದು ಮರೆತುಹೋಗಿದೆ.

ಈ ಹಿರಿಯರು ಹಂಬಲಿಸುತ್ತಿರುವುದು ಯಾವುದಕ್ಕಾಗಿ? ಕುಣಿತದ ರಾತ್ರಿಗಳಿಗಾಗಿ ಎಂದರೆ ಅರ್ಧ ಉತ್ತರವಾದೀತು. 1989ರ ಸುಮಾರಿಗೆ ಲಂಡನ್ನಿನ ಹೆವನ್ ಕ್ಲಬ್ಬಿನಲ್ಲಿ, ಮುಖ್ಯ ಸಭಾಂಗಣದಲ್ಲಿ ಬೀಟು ಬಡಿಯುತ್ತಿದ್ದರೆ, ಪಕ್ಕದ ಕೋಣೆಯಲ್ಲಿ ಅಲೆಕ್ಸ್ ಪ್ಯಾಟರ್‌ಸನ್ ಮತ್ತು ಜಿಮ್ಮಿ ಕಾಟಿ ಎಂಬ ಸಂಗೀತಗಾರರು, ಕುಣಿದು ದಣಿದವರಿಗೆಂದು ಬೀಟಿಲ್ಲದ ಸದ್ದುಗಳನ್ನು ಹಾಸುತ್ತಿದ್ದರು. ‘ಚಿಲ್ ಔಟ್’ ಕೋಣೆ ಎಂಬುದು ಅಲ್ಲಿಂದ ರೂಢಿಗೆ ಬಂತು. ನಮ್ಮ ಕರಾವಳಿಯ ಮೇಲ್ತುದಿಯಲ್ಲಿ, ಗೋವಾದ ಸಮುದ್ರದಂಡೆಯ ಟ್ರಾನ್ಸ್ ಪಾರ್ಟಿಗಳಲ್ಲಿ, ಇದೇ ಕೆಲಸವನ್ನು ಚಾಪೆಗಳು ಮಾಡುತ್ತಿದ್ದವು: ಕುಣಿತದ ಬಯಲಿನ ಅಂಚಿನಲ್ಲಿ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ದೀಪ ಇಟ್ಟುಕೊಂಡು ಚಹಾ ಮಾರುತ್ತಿದ್ದರು, ದಣಿದವರು ಅಲ್ಲಿ ಬಂದು ಕುಳಿತು, ಬೀಟನ್ನು ದೂರದಿಂದ ಕೇಳುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಮಂಗಳೂರು, ಉಡುಪಿಯ ಹುಡುಗರಿಗೂ ಗೋವಾ ಒಂದು ಹಗಲಿನ ದಾರಿಯಾಯಿತು. ಇಲ್ಲಿನ ಮೊದಲ ತಲೆಮಾರಿನ ಡಿಜೆಗಳಲ್ಲಿ ಕೆಲವರು ಆ ರೈಲಿನಲ್ಲೇ ಕಲಿತು ಬಂದವರು. ಹೀಗೆ ಬದಿಯ ಕೋಣೆ, ಅಂಚಿನ ಚಾಪೆ ಎಂಬುದು ಕುಣಿತದ ಸಂಗೀತಕ್ಕೆ ಹೊರಗಿನದಾಗಿರಲಿಲ್ಲ, ಅದೇ ಮನೆಯ ಜಗಲಿಯಾಗಿತ್ತು. ಹಿರಿಯ ಪ್ರೊಡ್ಯೂಸರುಗಳು ಈಗ ಮರಳುತ್ತಿರುವುದು ಆ ಜಗಲಿಗೆ.

‘ನಾಸ್ಟಾಲ್ಜಿಯಾ’ ಎಂಬ ಪದಕ್ಕೂ ನಮ್ಮೂರಿಗೂ ಒಂದು ಬಳಸುದಾರಿಯ ನಂಟಿದೆ. 1688ರಲ್ಲಿ ಯೊಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಈ ಪದವನ್ನು ಕಾಯಿಲೆಯ ಹೆಸರಾಗಿ ಕಟ್ಟಿದರು. ಊರು ಬಿಟ್ಟು ದೂರ ಹೋದವರನ್ನು ಕಾಡುವ ಮನೆಯ ಹಂಬಲ ಅದರ ಲಕ್ಷಣ. ಅದೇ ಊರಿನ ಹೆಸರು ಹೊತ್ತ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಇಂದು ನಮ್ಮವರು ದುಬೈಯಲ್ಲಿ, ಮುಂಬಯಿಯಲ್ಲಿ ಕುಳಿತು ಮೊಬೈಲಿನಲ್ಲಿ ಹಾಕಿಕೊಂಡು ಕೇಳುವ ಸದ್ದು. ಕಾಯಿಲೆಗೆ ಹೆಸರು ಕೊಟ್ಟ ಊರೇ ನಮ್ಮ ಮಟ್ಟಿಗೆ ಕಾಯಿಲೆಯ ಕಾರಣವನ್ನೂ ಒದಗಿಸಿತು ಎಂದು ತಮಾಷೆಗೆ ಹೇಳಬಹುದು. ಹಳಹಳಿಕೆಯನ್ನು ಆಳವಾಗಿ ಅಭ್ಯಾಸ ಮಾಡಿದ ಸ್ವೆಟ್ಲಾನಾ ಬಾಯ್ಮ್ 2001ರಲ್ಲಿ ಅದನ್ನು ಎರಡಾಗಿ ವಿಂಗಡಿಸಿದರು: ಕಳೆದುಹೋದ ಮನೆಯನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿ ನಿಲ್ಲಿಸಹೊರಡುವುದು ಒಂದು ಬಗೆ; ಮನೆ ಹೋಯಿತೆಂಬುದನ್ನು ಒಪ್ಪಿ, ಆ ದೂರವನ್ನೇ ನಿಂತು ನೋಡುವುದು ಇನ್ನೊಂದು. ಆಂಬಿಯೆಂಟಿನ ಕಡೆಗಿನ ಮರಳುವಿಕೆಯಲ್ಲಿ ಎರಡೂ ಇವೆ, ಒಬ್ಬರೇ ಕಲಾವಿದರ ಒಂದೇ ಆಲ್ಬಮ್ಮಿನಲ್ಲೂ ಇರುವುದುಂಟು.

ಸದ್ದಿನಲ್ಲಿ ಹಿಂದಿನ ಕಾಲವನ್ನು ತರುವುದು ಹೇಗೆ ಎಂಬುದು ಮಾತ್ರ ಮನಸ್ಸಿನ ವಿಷಯಕ್ಕಿಂತ ಹೆಚ್ಚಾಗಿ ಗಾಳಿಯ ವಿಷಯ. ದೂರದಿಂದ ಬರುವ ಸದ್ದಿನ ತೀಕ್ಷ್ಣವಾದ ಮೇಲಿನ ಅಂಶಗಳನ್ನು ಗಾಳಿ ಹೀರಿಕೊಳ್ಳುತ್ತದೆ. ಗುಡ್ಡ, ಮರ, ಗೋಡೆಗಳಿಗೆ ತಾಗಿ ಮರಳಿದ ಸದ್ದು ಮೂಲದೊಂದಿಗೆ ಕಲೆತು ಅಂಚುಗಳು ಮಸುಕಾಗುತ್ತವೆ. ಪೆಟ್ಟು ಬಿದ್ದ ಕ್ಷಣ ಯಾವುದೆಂದು ಗುರುತಿಸುವುದು ಕಷ್ಟವಾಗುತ್ತದೆ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರಿನಲ್ಲಿ, ತೀಕ್ಷ್ಣ ಅಂಶಗಳನ್ನು ಸೋಸುವ ಫಿಲ್ಟರು ತಗ್ಗಿಸಿ, ರಿವರ್ಬ್ ಎಂಬ ಮರುದನಿ ಹೆಚ್ಚಿಸಿ, ಸ್ವರದ ಆರಂಭವನ್ನು ನಿಧಾನಗೊಳಿಸಿದಾಗ ಆಗುವುದೂ ಇಷ್ಟೇ. ಕಿವಿ ಅದನ್ನು ‘ದೂರ’ ಎಂದು ಓದುತ್ತದೆ, ಮನಸ್ಸು ಆ ದೂರವನ್ನು ‘ಹಿಂದೆ’ ಎಂದು ತಿಳಿದುಕೊಳ್ಳುತ್ತದೆ. ಸುಗ್ಗಿ ಮುಗಿದ ಗದ್ದೆಗಳಾಚೆಯ ಊರಿನಲ್ಲಿ ಆಟವಾಗುತ್ತಿದ್ದರೆ, ರಾತ್ರಿ ಎರಡು ಗಂಟೆಗೆ ಮನೆಯ ಜಗಲಿಯಲ್ಲಿ ಮಲಗಿದವರಿಗೆ ಚೆಂಡೆ ಕೇಳುವುದು ಹಾಗೆಯೇ. ರಾತ್ರಿ ನೆಲದ ಮೇಲಿನ ಗಾಳಿ ತಂಪಾಗಿ, ಅದರ ಮೇಲಿನ ಪದರ ಬೆಚ್ಚಗಿದ್ದಾಗ ಸದ್ದು ಮೇಲಕ್ಕೆ ಹಾರಿಹೋಗದೆ ನೆಲದ ಕಡೆಗೆ ಬಾಗುತ್ತದೆ. ಹಗಲು ಕೇಳಿಸದ ದೂರದಿಂದ ರಾತ್ರಿ ಕೇಳಿಸುವುದು ಇದರಿಂದ. ಜರ್ಮನಿಯ ವೋಲ್ಫ್‌ಗಾಂಗ್ ಫೋಯ್ಗ್ಟ್ 1990ರ ದಶಕದಲ್ಲಿ ‘ಗ್ಯಾಸ್’ ಎಂಬ ಹೆಸರಿನಲ್ಲಿ ಮಾಡಿದ ಸಂಗೀತ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅವರು ಬೀಟನ್ನು ತೆಗೆದುಹಾಕಲಿಲ್ಲ. ಕಾಡಿನಾಚೆ ಎಲ್ಲೋ ನಡೆಯುತ್ತಿರುವ ಕುಣಿತದ ಹಾಗೆ ಅದನ್ನು ಮಂಜಿನಲ್ಲಿ ಹೂತಿಟ್ಟರು. 2000ದಲ್ಲಿ ಆ ಸರಣಿಯನ್ನು ನಿಲ್ಲಿಸಿ, ಹದಿನೇಳು ವರ್ಷಗಳ ನಂತರ, 2017ರಲ್ಲಿ, ಅದೇ ಕಾಡಿಗೆ ಮರಳಿದರು. ಈ ಸಾಲಿನ ಮರಳುವಿಕೆಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸಿದ್ದು ಅದು.

ಇನ್ನೊಂದು ಉಪಾಯ ಯಂತ್ರದ ದೋಷ. ಟೇಪಿನ ಹಿಸ್ಸೆನ್ನುವ ಸದ್ದು, ಮೋಟಾರು ಎಳೆದಾಡಿದಾಗ ಸ್ವರ ತುಸು ಬಳುಕುವುದು, ಇವನ್ನೆಲ್ಲ ಸೇರಿಸಿಕೊಡುವ ಸಾಫ್ಟ್‌ವೇರುಗಳನ್ನು ಈಗ ಪ್ರೊಡ್ಯೂಸರುಗಳು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಇತ್ತ 1990ರಲ್ಲಿ ಅಪಘಾತದಲ್ಲಿ ತೀರಿಹೋದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕ್ಯಾಸೆಟ್ಟುಗಳನ್ನು, ನಕಲಿನ ನಕಲಾಗಿ ಕೈಯಿಂದ ಕೈಗೆ ಬಂದ ಆ ಹಾಡುಗಳನ್ನು, ಕಂಪ್ಯೂಟರಿಗೆ ಇಳಿಸುವ ನಮ್ಮ ಅಭಿಮಾನಿಗಳು ಅದೇ ಹಿಸ್ಸೆನ್ನುವ ಸದ್ದನ್ನು ತೆಗೆಯಲು ರಾತ್ರಿಗಟ್ಟಲೆ ಕುಳಿತುಕೊಳ್ಳುತ್ತಾರೆ. ಇಬ್ಬರ ಹಂಬಲವೂ ಒಂದೇ ದಶಕದ್ದು. ಒಬ್ಬರಿಗೆ ಕಸವಾದದ್ದು ಇನ್ನೊಬ್ಬರಿಗೆ ಕಸ್ತೂರಿ. ನ್ಯೂಯಾರ್ಕಿನ ವಿಲಿಯಂ ಬಸಿನ್‌ಸ್ಕಿ ಅವರಿಗೆ 2001ರಲ್ಲಿ ಆದದ್ದು ಇವೆರಡರ ನಡುವಿನ ಅನುಭವ: ತಾವೇ 1980ರ ದಶಕದಲ್ಲಿ ಮಾಡಿದ್ದ ಟೇಪಿನ ಸುರುಳಿಗಳನ್ನು ಉಳಿಸಲೆಂದು ಕಂಪ್ಯೂಟರಿಗೆ ಹಾಕುತ್ತಿದ್ದಾಗ, ಸುತ್ತು ಸುತ್ತಿಗೂ ಟೇಪಿನ ಲೇಪ ಉದುರಿ ಸಂಗೀತ ಸವೆಯುತ್ತಾ ಹೋಯಿತು. ಅವರು ನಿಲ್ಲಿಸಲಿಲ್ಲ. ಉಳಿಸುವ ಕೆಲಸವೇ ಅಳಿಸುವ ಕೆಲಸವೂ ಆದ ಆ ಮುದ್ರಿಕೆಯೇ ಅವರ ಹೆಸರುವಾಸಿ ಕೃತಿಯಾಯಿತು. ಸಾಫ್ಟ್‌ವೇರಿನಿಂದ ಬಳಿದ ಹಿಸ್ಸಿಗೂ ಇದಕ್ಕೂ ಇರುವ ಅಂತರವನ್ನು ಕಿವಿ ಬೇಗನೆ ಕಂಡುಹಿಡಿಯುತ್ತದೆ.

ದೇಹದ ಮಾತನ್ನು ಬಿಟ್ಟರೆ ಈ ಚರ್ಚೆ ಅಪೂರ್ಣ. ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಿದರೆ ಆಗುವಷ್ಟು ಶ್ರಮ ಕಿವಿಗೆ 90 ಡೆಸಿಬೆಲ್‌ನಲ್ಲಿ ನಾಲ್ಕೇ ಗಂಟೆಗಳಲ್ಲಿ, 100ರಲ್ಲಿ ಸುಮಾರು 20 ನಿಮಿಷಗಳಲ್ಲಿ ಆಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕ್ಲಬ್ಬು, ಕಾರ್ಯಕ್ರಮಗಳಿಗೆ 2022ರಲ್ಲಿ ಅದು ಸೂಚಿಸಿದ ಗರಿಷ್ಠ ಮಿತಿ, ಹದಿನೈದು ನಿಮಿಷಗಳ ಸರಾಸರಿಯಲ್ಲಿ, ಅದೇ 100 ಡೆಸಿಬೆಲ್. ರಾತ್ರಿಗೆ ಐದಾರು ಗಂಟೆಯಂತೆ ಇಪ್ಪತ್ತೈದು ವರ್ಷ ಸ್ಪೀಕರಿನ ಪಕ್ಕ ನಿಂತವರ ಕಿವಿಯ ಸ್ಥಿತಿಯನ್ನು ಇದರ ಮೇಲೆ ಊಹಿಸಬಹುದು. ಕಲ್ಯಾಣಪುರದ ಕಡೆಯ ಪರಿಚಯದವರೊಬ್ಬರು ರೋಸ್ (ಕ್ರೈಸ್ತರ ಮದುವೆಯ ಮುನ್ನಾದಿನದ ಶಾಸ್ತ್ರ), ಮೆಹಂದಿ, ಮದುವೆಯ ಕಾರ್ಯಕ್ರಮಗಳಿಗೆ ಡಿಜೆ ಮಾಡುತ್ತಲೇ ಐವತ್ತು ದಾಟಿದವರು. ಅದಕ್ಕೂ ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುತ್ತಿದ್ದರು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡವೆಂಬ 2000ದ ನಿಯಮ ಬಿಗಿಯಾದಂತೆ ಅವರ ಕೆಲಸದ ಹೊತ್ತೂ ಮೊಟಕಾಯಿತು. ಈಚೆಗೆ ಸಿಕ್ಕಿದಾಗ, “ಮನೆಗೆ ಬಂದು ಮಲಗಿದ್ರೆ ಕಿವಿಯೊಳಗೆ ಜೀರುಂಡೆ ಕೂಗ್ತದೆ ಮಾರಾಯ್ರೆ, ಅದನ್ನು ಮುಚ್ಚಲಿಕ್ಕೆ ಏನಾದ್ರೂ ಮೆಲ್ಲಗೆ ಹಾಕ್ಲೇಬೇಕು” ಎಂದರು. ಹಾಗೆ ಹಾಕಿಕೊಳ್ಳಲೆಂದು ಅವರು ತಮ್ಮ ಹಳೆಯ ಕೀಬೋರ್ಡನ್ನು ಅಟ್ಟದಿಂದ ಇಳಿಸಿದ್ದಾರೆ. ಲಂಡನ್ನಿನ ವಿಮರ್ಶಕರು ಹಿರಿಯರ ಆಂಬಿಯೆಂಟಿನ ಬಗ್ಗೆ ಪುಟಗಟ್ಟಲೆ ಬರೆಯುವಾಗ ಈ ಜೀರುಂಡೆಗೂ ಒಂದು ಸಾಲು ಮೀಸಲಿಡಬಹುದು.

ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎನ್ನುವ ಮಾತು ಇಂಥಲ್ಲಿ ಬಂದೇ ಬರುತ್ತದೆ. ಅದಕ್ಕೆ ಒಂದಿಷ್ಟು ಆಧಾರವೂ ಇದೆ. ಅಮೆರಿಕದಲ್ಲಿ ದೀರ್ಘ ನಾದದ ಸಂಗೀತಕ್ಕೆ ತಳಹದಿ ಹಾಕಿದ ಲಾ ಮಾಂಟ್ ಯಂಗ್, ಟೆರಿ ರೈಲಿ ಇಬ್ಬರೂ 1970ರಲ್ಲಿ ಅಲ್ಲಿಗೆ ಹೋದ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ತಂಬೂರಿಯ ಮುಂದೆ ಕುಳಿತವರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇತ್ತು. ಅಲ್ಲಿ ಗೀತಾ ಸಾರಾಭಾಯಿ ಮತ್ತಿತರರು ಮಾಡಿದ್ದ ಮುದ್ರಿಕೆಗಳು 2023ರಲ್ಲಿ ಹೊರಬಂದಾಗ ಜಗತ್ತು ಬೆರಗಾಯಿತು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ರೋಲೆಂಡ್ ಕಂಪನಿಯ ಎಲೆಕ್ಟ್ರಾನಿಕ್ ಯಂತ್ರಗಳ ಮೇಲೆ ಡಿಸ್ಕೋ ಬೀಟಿಗೆ ಕೂರಿಸಿದ್ದರು. ಯಾರೂ ಕೇಳಲಿಲ್ಲ, 2010ರಲ್ಲಿ ಮರುಬಿಡುಗಡೆಯಾದ ಮೇಲೆ ಕೊಂಡಾಡಿದರು. ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅವರ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿಗಳು ಇಂದು ಸಂಗೀತ ಕಲಿಯುವವರ ಮನೆ ಮನೆಯಲ್ಲಿವೆ. ಮುಂಬಯಿ ಆಕಾಶವಾಣಿಯಲ್ಲಿದ್ದ ವಾಲ್ಟರ್ ಕಾಫ್‌ಮನ್ ರಚಿಸಿದ, ತಂಬೂರಿಯ ಮೇಲೆ ತೇಲುವ ಆ ಸಿಗ್ನೇಚರ್ ಟ್ಯೂನಿನಿಂದ ನಮ್ಮ ಎಷ್ಟೋ ಬೆಳಗುಗಳು ಶುರುವಾಗಿದ್ದವು. ಇಷ್ಟಿದ್ದೂ ನಾನು ಆ ವಾದವನ್ನು ಪೂರ್ತಿ ಒಪ್ಪಲಾರೆ. ತಂಬೂರಿ ಹಾಡುವವರಿಗಾಗಿ ಇರುವುದು. ಅದನ್ನೇ ಕೃತಿಯೆಂದು ಮುಂದಿಟ್ಟು, ಇದರ ಮೇಲೆ ಯಾರೂ ಹಾಡಲು ಬರುವುದಿಲ್ಲ, ಇಷ್ಟನ್ನೇ ಕೇಳಿ ಎಂದು ಹೇಳಲು ಬೇರೆಯೇ ಧೈರ್ಯ ಬೇಕು. ಆ ಧೈರ್ಯ ನಮ್ಮ ಕಛೇರಿಗಳಿಗೆ ಬರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ.

ಮಾರುಕಟ್ಟೆಯ ಲೆಕ್ಕ ಒಣಗಿದ್ದು, ಆದರೆ ತಿಳಿದಿರಬೇಕಾದದ್ದು. ಸ್ಪಾಟಿಫೈಯಂಥ ಸೇವೆಗಳಲ್ಲಿ ಹಾಡೊಂದನ್ನು 30 ಸೆಕೆಂಡು ಕೇಳಿದರೆ ಒಂದು ಕೇಳುವಿಕೆ ಎಂದು ಎಣಿಕೆಯಾಗುತ್ತದೆ. ಹಾಡಿನ ಉದ್ದಕ್ಕೆ ಬೆಲೆಯಿಲ್ಲ. ಮೋಬಿಯವರ ನಾಲ್ಕು ಗಂಟೆಗಳ ಆ ಆಲ್ಬಮ್ಮಿನಲ್ಲಿ ಇರುವುದು ಹನ್ನೊಂದು ತುಣುಕುಗಳು, ಎಂದರೆ ಪೂರ್ತಿ ಒಮ್ಮೆ ಹಾಕಿಟ್ಟರೆ ಹನ್ನೊಂದು ಎಣಿಕೆ. ಅದೇ ನಾಲ್ಕು ಗಂಟೆಗಳನ್ನು ಎರಡೆರಡು ನಿಮಿಷಗಳಾಗಿ ಕತ್ತರಿಸಿದರೆ 120. ಮಳೆ, ಫ್ಯಾನು, ಅಲೆಗಳ ಸದ್ದನ್ನು ಅರ್ಧ ನಿಮಿಷದ ಚೂರುಗಳಾಗಿ ಕತ್ತರಿಸಿ ಹಾಕುವವರು ಇದನ್ನು ಯಾವಾಗಲೋ ಕಂಡುಕೊಂಡಿದ್ದರು. ಕೊನೆಗೆ 2023ರ ನವೆಂಬರಿನಲ್ಲಿ ಸ್ಪಾಟಿಫೈ, ಇಂಥ ಸದ್ದುಗಳು ಕನಿಷ್ಠ ಎರಡು ನಿಮಿಷ ಇರಬೇಕು, ಸಂಗೀತಕ್ಕೆ ಸಿಗುವ ದರದ ಒಂದು ಪಾಲು ಮಾತ್ರ ಅವಕ್ಕೆ ಸಿಗುತ್ತದೆ ಎಂದು ಸಾರಿತು. ಈಗ ಕಂಪ್ಯೂಟರೇ ಕಟ್ಟುವ ಸಂಗೀತ ಬೇರೆ ಬಂದಿದೆ: ತನಗೆ ದಿನವೂ ಬರುವ ಹೊಸ ತುಣುಕುಗಳಲ್ಲಿ 18 ಶೇಕಡಾ, 20,000ಕ್ಕೂ ಹೆಚ್ಚು, ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯಿಂದ ಆದವು ಎಂದು ಫ್ರಾನ್ಸಿನ ಸಂಗೀತ ಸೇವೆ ಡೀಜರ್ 2025ರ ಏಪ್ರಿಲಿನಲ್ಲಿ ಹೇಳಿತು. 1992ರಲ್ಲಿ ಇಂಗ್ಲೆಂಡಿನ ವಾರ್ಪ್ ಎಂಬ ರೆಕಾರ್ಡ್ ಕಂಪನಿ, ಕುಣಿಯಲಿಕ್ಕಲ್ಲ, ಮನೆಯಲ್ಲಿ ಕುಳಿತು ಕೇಳಲಿಕ್ಕೆ ಎಂದು ತಂದ ಸಂಕಲನಕ್ಕೆ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂದೇ ಹೆಸರಿಟ್ಟಿತ್ತು. ಮುಖಪುಟದಲ್ಲಿ ರೋಬಟೊಂದು ಆರಾಮಕುರ್ಚಿಯಲ್ಲಿ ಒರಗಿ ಸಂಗೀತ ಕೇಳುತ್ತಿತ್ತು. ಕೇಳುತ್ತಿದ್ದ ಆ ರೋಬಟು ಈಗ ಎದ್ದು ನುಡಿಸಲು ಕುಳಿತಿದೆ. ಬೀಟಿಲ್ಲದ, ಮಾತಿಲ್ಲದ, ಗಮನ ಬೇಡದ ಸಂಗೀತವನ್ನು ಅದು ಎಷ್ಟು ಬೇಕಾದರೂ ಕೊಟ್ಟೀತು.

ಆದ್ದರಿಂದಲೇ ಈನೋ 1978ರಲ್ಲಿ ಹಾಕಿದ್ದ ಷರತ್ತು ಇಂದು ಆಗಿಗಿಂತ ಹೆಚ್ಚು ಮುಖ್ಯ. ಈ ಸಂಗೀತವನ್ನು ಅಲಕ್ಷಿಸಲೂ ಬರಬೇಕು, ಆಸಕ್ತಿಯಿಂದ ಕೇಳಲೂ ಬರಬೇಕು ಎಂದು ಅವರು ಬರೆದಿದ್ದರು. ಮೊದಲರ್ಧ ಯಾರಿಗೂ ಸಲೀಸು. ಎರಡನೆಯದರಲ್ಲಿ ಹಿರಿಯರ ಆಲ್ಬಮ್ಮುಗಳಲ್ಲೂ ಬಹಳಷ್ಟು ಸೋಲುತ್ತವೆ. ನಾಲ್ಕು ಗಂಟೆಯ ಆ ಮೋಬಿಯೂ, ನಿಜ ಹೇಳಬೇಕೆಂದರೆ, ಎಚ್ಚರವಿದ್ದು ಕೇಳಿದರೆ ಅರ್ಧದಲ್ಲಿ ಬೇಸರ ಬರಿಸುತ್ತದೆ. ಹಳೆಯ ಯಂತ್ರಗಳ ಮೆಲುಕನ್ನು ಮೀರಿ ಅದರಲ್ಲಿ ಏನಾದರೂ ಆಗುತ್ತಿದೆಯೇ, ಸದ್ದು ತಾನಿರುವ ಜಾಗವನ್ನು ನಮಗೆ ಕೇಳಿಸುತ್ತಿದೆಯೇ ಎಂದು ನೋಡಬೇಕು. ಫೋಯ್ಗ್ಟ್ ಅವರ ಕಾಡು, ಬಸಿನ್‌ಸ್ಕಿಯವರ ಉದುರುವ ಟೇಪು ಅಂಥ ಜಾಗಗಳು.

ಕಲ್ಯಾಣಪುರದ ಆ ಡಿಜೆ ಕಳೆದ ಜುಲೈಯಲ್ಲಿ ತಮ್ಮ ಹೆಂಚಿನ ಮನೆಯ ಮಳೆಯನ್ನು ಮುದ್ರಿಸಲು ಹೊರಟಾಗ ಮೊದಲು ಮೊಬೈಲನ್ನು ಕಿಟಕಿಯಲ್ಲಿಟ್ಟರಂತೆ. ಕೇಳಿ ನೋಡಿದರೆ ಮಳೆಯೇ ಇಲ್ಲ. ಮನುಷ್ಯರ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲವೆಂದು ಒರೆಸುವಂತೆ ಆ ಫೋನಿಗೆ ಕಲಿಸಿದ್ದರು. ಒಂದೇ ಸಮನೆ ಸುರಿಯುವ ಕರಾವಳಿಯ ಮಳೆ ಅದರ ಲೆಕ್ಕದಲ್ಲಿ ಗದ್ದಲ. ನಡುವೆ ಮನೆಯವರು “ಚಾ ಆಯ್ತು, ಬನ್ನಿ” ಎಂದು ಕರೆದದ್ದು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಆಮೇಲೆ ಮದುವೆ ಕಾರ್ಯಕ್ರಮಗಳ ಮೈಕನ್ನೇ ತಂದು, ಚಾವಡಿಯ ಪಕಾಸಿಗೆ ಕಟ್ಟಿ, ಒಂದಿಡೀ ಮಧ್ಯಾಹ್ನ ಮುದ್ರಿಸಿದರು. ಅದರ ಕೆಳಗೆ ಕೀಬೋರ್ಡಿನಲ್ಲಿ ಒಂದೇ ಸ್ವರವನ್ನು ಒತ್ತಿ ಹಿಡಿದಿದ್ದಾರೆ. ಯಾವ ಸ್ವರ ಹಿಡಿಯುವುದೆಂದು ಅವರು ಹೆಚ್ಚು ಯೋಚಿಸಲಿಲ್ಲ. ಮೈಕಿನಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ ಸಣ್ಣಗೆ ಸೇರಿಕೊಂಡಿತ್ತು, ಅದನ್ನು ತೆಗೆಯಲು ಆಗದೆ ಅದಕ್ಕೇ ಶ್ರುತಿ ಮಾಡಿದರು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಹಾರ್ಮೋನಿಯಮಿನವರ ಲೆಕ್ಕದಲ್ಲಿ ಅದು ‘ಬಿಳಿ ಐದ’ಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಅಮೆರಿಕದ್ದು 60 ಸುತ್ತು, ಅಲ್ಲಿನ ಮನೆಗಳ ಶ್ರುತಿಯೇ ಬೇರೆ.

ಮುದ್ರಿಕೆಯ ನಡುವೆ ಒಂದು ಕಡೆ ಕರೆಂಟು ಹೋಗುತ್ತದೆ. ಬ್ಯಾಟರಿಯ ರೆಕಾರ್ಡರ್ ಓಡುತ್ತಲೇ ಇದೆ, ಫ್ರಿಜ್ಜು ನಿಂತಿದೆ. ಆ ತನಕ ಇತ್ತೆಂದೇ ತಿಳಿಯದಿದ್ದ ಸದ್ದೊಂದು ಇಲ್ಲವಾಗಿ, ಮಳೆ ಒಂದು ಗೇಣು ಹತ್ತಿರ ಬಂದ ಹಾಗೆ ಕೇಳುತ್ತದೆ. ಅಲ್ಲಿಗೆ ಬಂದಾಗ ಅವರು ಕೀಬೋರ್ಡಿನಿಂದಲೂ ಬೆರಳು ತೆಗೆದಿದ್ದಾರೆ, ಕರೆಂಟು ಬರುವ ತನಕ ಮತ್ತೆ ಇಟ್ಟಿಲ್ಲ.